ಗಂಡು ಬೀರುವಿನ ಕುಂಕುಮಗೊರಳು

ನಮ್ಮೂರಿನ ಮ್ಯೂಸಿಯಂನ ಹಕ್ಕಿ ವಿಭಾಗದಲ್ಲಿ ನಾನು ಮೂವತ್ತೆರಡು ವರ್ಷದಿಂದ ಇದ್ದೇನೆ. ಮೊದಲ ಹನ್ನೆರಡು ವರ್ಷ ಸಹಾಯಕಿ, ಆಮೇಲಿನ ಇಪ್ಪತ್ತು ವರ್ಷ ಮುಖ್ಯಸ್ಥೆ. ಜನ ಎದುರಿಗೆ ನನ್ನನ್ನು ಹಕ್ಕಿ ವಾರಿಜಮ್ಮ ಅನ್ನುತ್ತಾರೆ. ಹಿಂದಿನಿಂದ ಏನೇನೋ ಅನ್ನುತ್ತಾರೆ, ಅದು ಬೇರೆ. ಮೊಟ್ಟೆ ಹಂಚುವ ಕೆಲಸ ಯಾರ ಕೈಯಲ್ಲಿದೆಯೋ ಅವರನ್ನು ಈ ಊರಿನಲ್ಲಿ ಯಾರೂ ಪೂರ್ತಿ ಇಷ್ಟಪಡಲಾರರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ.

ಚಳಿ ಮುಗಿದು ಮೊದಲ ಬಿಸಿಗಾಳಿ ಬೀಸಿದ ದಿನದಿಂದ ಎಂಟು ದಿನ ನಮ್ಮ ಡ್ರಾಯರುಗಳಲ್ಲಿರುವ ಹಕ್ಕಿಗಳು ಮೊಟ್ಟೆ ಇಡುತ್ತವೆ. ಹತ್ತಿ ತುಂಬಿ, ಹೊಟ್ಟೆ ಹೊಲಿದು, ಕಾಲಿಗೆ ಚೀಟಿ ಕಟ್ಟಿ ಮಲಗಿಸಿದ ಹಕ್ಕಿಗಳು ಅವು. ಕೆಲವು ನಮ್ಮ ತಾತ ಹುಟ್ಟುವುದಕ್ಕೆ ಮೊದಲೇ ಸತ್ತವು. ಬೆಳಗ್ಗೆ ಡ್ರಾಯರು ಎಳೆದರೆ ಬಾಲದ ಹತ್ತಿರ ಮೊಟ್ಟೆ ಬೆಚ್ಚಗೆ ಕೂತಿರುತ್ತದೆ. ಅದೇ ದಿನ ಮನುಷ್ಯರ ಕೈ ಸೋಕಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಉದುರಿ ಪುಡಿಯಾಗುತ್ತದೆ. ಕೈ ಸೋಕಿದ ಮೇಲೆ ಯಾರಾದರೂ ಮೈಬಿಸಿ ಕೊಟ್ಟು ಮರಿ ಮಾಡಬೇಕು. ಒಲೆಯ ಬಿಸಿ, ಬಲ್ಬಿನ ಬಿಸಿ ನಡೆಯುವುದಿಲ್ಲ, ಬೇಕಾದಷ್ಟು ಜನ ಮಾಡಿ ನೋಡಿದ್ದಾರೆ.

ಆ ಎಂಟು ದಿನ ಬೆಳಗ್ಗೆ ಏಳಕ್ಕೇ ಮ್ಯೂಸಿಯಂ ಮುಂದೆ ಸಾಲು. ಮನೆಗೊಂದು ಮೊಟ್ಟೆ, ರೇಷನ್ ಕಾರ್ಡು ತೋರಿಸಿ ಚೀಟಿ ಎತ್ತಬೇಕು. ಎಲ್ಲರಿಗೂ ಹಾಡುವ ಪಿಕಳಾರವೇ ಬೇಕು, ಮಡಿವಾಳ ಹಕ್ಕಿಯೇ ಬೇಕು. ಕಾಗೆ ಬಂದವರ ಮುಖ ನೋಡಬೇಕು ನೀವು. ಒಬ್ಬ ವಕೀಲರು ಮೂರು ವರ್ಷ ಸತತವಾಗಿ ಕಾಗೆ ಬಂತೆಂದು ನನ್ನ ಮೇಲೆ ಅರ್ಜಿ ಹಾಕಿದ್ದರು. ನಾಲ್ಕನೆಯ ವರ್ಷ ಗೂಬೆ ಬಂತು, ಸುಮ್ಮನಾದರು. ಮೊಟ್ಟೆ ಸಿಕ್ಕವರಿಗೆ ಆಫೀಸಿನಲ್ಲಿ ಕಾವು ರಜೆ ಉಂಟು. ರಜೆ ಸಿಗದವರು ಮೈಮೇಲೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಕಂಡಕ್ಟರ್ ಬಸಲಿಂಗ ಕಾಜಾಣದ ಮೊಟ್ಟೆಯನ್ನು ಟೋಪಿಯೊಳಗೆ ಇಟ್ಟುಕೊಂಡು ಹದಿನೈದು ದಿನ ಟಿಕೆಟ್ ಹರಿದ, ಆ ಹದಿನೈದು ದಿನ ಡ್ರೈವರು ಒಂದು ಗುಂಡಿಗೂ ಬಸ್ಸು ಇಳಿಸಲಿಲ್ಲ. ಜ್ವರ ಬಂದವರಿಗೆ ಭಾರಿ ಬೇಡಿಕೆ. ಬೇಕರಿ ಲಾಜರ್ ದಿನವಿಡೀ ಒಲೆಯ ಮುಂದೆ ನಿಂತು ನಿಂತು ಅವನ ಮೈ ಸದಾ ಬಿಸಿ, ಒಂದೇ ಸಲ ಆರು ಮೊಟ್ಟೆ ಕಟ್ಟಿಕೊಂಡು ಬ್ರೆಡ್ ಮಾಡುತ್ತಾನೆ. ನಮ್ಮೂರಿನ ಮರಗಳಲ್ಲಿ ಕೂಗುವ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಹೀಗೆ ಯಾರದೋ ಬಗಲಲ್ಲಿ ಕಣ್ಣು ಬಿಟ್ಟವು.

ನಾನು ಈ ಕೆಲಸಕ್ಕೆ ಬಂದದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದಲ್ಲ, ಹೊಲಿಗೆಯಿಂದ. ನಮ್ಮಪ್ಪ ಟೈಲರು. ಕಾಜ ಹೊಲಿಯುವುದು, ಫಾಲ್ ಹಚ್ಚುವುದು ನನ್ನ ಪಾಲು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮ್ಯೂಸಿಯಂನ ಸಂದರ್ಶನಕ್ಕೆ ಹೋದರೆ ಧರಣೇಂದ್ರಯ್ಯನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸತ್ತ ಗುಬ್ಬಿ, ಸೂಜಿ, ದಾರ ಮೇಜಿನ ಮೇಲಿಟ್ಟು ಪತ್ರಿಕೆ ಓದುತ್ತ ಕೂತರು. ನಾನು ಹೊಲಿದು ಮುಗಿಸಿದ ಮೇಲೆ ಕನ್ನಡಕ ಏರಿಸಿ, ಹೊಟ್ಟೆಯ ಪುಕ್ಕ ಸರಿಸಿ ಹುಡುಕಿದರು. ಹೊಲಿಗೆ ಸಿಗಲಿಲ್ಲ. "ನಾಳೆಯಿಂದ ಬಾ, ಉಗುರು ಕತ್ತರಿಸಿಕೊಂಡು ಬಾ," ಅಂದರು. ಅಷ್ಟೇ. ಆ ದಿನದಿಂದ ಅವರು ನನಗೆ ಮೇಷ್ಟ್ರು.

ಅವರು ಜೈನರು. ಬೇಟೆಯ ಹಕ್ಕಿಯನ್ನು ಬಾಗಿಲೊಳಗೂ ಬಿಡುತ್ತಿರಲಿಲ್ಲ. ತಾನಾಗಿ ಸತ್ತು ಬಿದ್ದದ್ದು ಮಾತ್ರ ನಮಗೆ. ಚರ್ಮ ಬಿಡಿಸುವುದು, ಅದು ಕೆಡದಂತೆ ಬಿಳಿಗಾರದ ಪುಡಿ ಸವರುವುದು, ಕಣ್ಣಿನ ಜಾಗಕ್ಕೆ ಹತ್ತಿ ಇಡುವುದು, ಎಲ್ಲ ಅವರೇ ಕಲಿಸಿದರು. ಒಂದು ಮಾತನ್ನು ಮಾತ್ರ ನೂರು ಸಲ ಹೇಳಿದರು. "ಗಂಡೋ ಹೆಣ್ಣೋ ಅನ್ನುವುದನ್ನು ಪುಕ್ಕ ನೋಡಿ ಬರೆಯಬೇಡ. ಮೈಯೊಳಗೆ ನೋಡಿ ಬರಿ. ಚೀಟಿಯಲ್ಲಿ ಸುಳ್ಳು ಬರೆದರೆ ಹಕ್ಕಿ ಎದ್ದು ಬಂದು ಹೇಳುವುದಿಲ್ಲ."

ಗಂಡು ಹೆಣ್ಣು ಯಾಕೆ ಅಷ್ಟು ಮುಖ್ಯ ಅಂದರೆ ನಮ್ಮಲ್ಲಿ ಹೆಣ್ಣು ಹಕ್ಕಿಗಳಿಗೆ ಒಂದು ಬೀರು, ಗಂಡು ಹಕ್ಕಿಗಳಿಗೆ ಇನ್ನೊಂದು. ಬಿಸಿಗಾಳಿಗೆ ಮುಂಚೆ ಗಂಡು ಬೀರುವನ್ನು ಗುಡಿಸಿ ಅರಗಿನ ಮೊಹರು ಹಾಕುತ್ತೇವೆ, ಎಂಟು ದಿನ ಕಳೆಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಹಿಂದೆ ಯಾರೋ ಕುತೂಹಲ ತಡೆಯಲಾರದೆ ಒಡೆದರಂತೆ. ಆ ವರ್ಷ ಒಂದೂ ಮೊಟ್ಟೆಯಿಲ್ಲ, ಬೇಸಿಗೆಯಿಡೀ ಊರು ಮೂಕವಾಗಿತ್ತಂತೆ. ಇನ್ನೊಂದು ಕಟ್ಟಲೆ ಚೀಟಿಯದು. ಬರೆದವರೇ ತಿದ್ದಬೇಕು. ಬರೆದವರು ತೀರಿಕೊಂಡರೆ ಮುಗಿಯಿತು, ಕಾಗೆಯನ್ನು ಹಂಸ ಅಂತ ಬರೆದಿದ್ದರೂ ಅದು ಹಂಸವೇ.

ಗಂಡು ಬೀರುವಿನ ಬಾಗಿಲ ಮೇಲೆ ಒಂದು ಹಿತ್ತಾಳೆ ಫಲಕವಿತ್ತು. ಕುಂಕುಮಗೊರಳಿನ ಕೊನೆಯ ಗಂಡು, ಸಂಗ್ರಹ ಧರಣೇಂದ್ರಯ್ಯ ಅಂತ. ಕುಂಕುಮಗೊರಳು ನಮ್ಮೂರಿನ ಕೆರೆಯ ಹಕ್ಕಿ. ಉದ್ದ ಕಾಲು, ಬೂದಿ ಮೈ, ಗಂಟಲಲ್ಲಿ ಮಾತ್ರ ಅಪ್ಪಟ ಕುಂಕುಮ. ಮೇಷ್ಟ್ರಿಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಕೆರೆ ದಂಡೆಯಲ್ಲಿ ಒಂದು ಸಿಕ್ಕಿತು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಹೆಣ್ಣು ಒಂದಾದರೂ ಸಿಕ್ಕಿದ್ದರೆ ಮೊಟ್ಟೆ ಇಡುತ್ತಿತ್ತು, ಜಾತಿ ಉಳಿಯುತ್ತಿತ್ತು ಎಂದು ಊರೆಲ್ಲ ಹಲುಬುತ್ತಿತ್ತು. ಆ ಒಂದು ಹಕ್ಕಿಯಿಂದಲೇ ಮೇಷ್ಟ್ರಿಗೆ ಶಾಲು, ಹಾರ, ಅವರ ಹೆಸರಿನಲ್ಲಿ ಒಂದು ರಸ್ತೆ. ನಾನೂ ಹೊಸಬರು ಬಂದಾಗಲೆಲ್ಲ ಆ ಫಲಕ ತೋರಿಸಿ ಬೀಗುತ್ತಿದ್ದೆ.

ಹೋದ ವರ್ಷ ಮೊಹರು ಹಾಕಲು ಮೂರು ದಿನ ಇದ್ದಾಗ ನನಗೆ ಬೆನ್ನು ಹಿಡಿದುಕೊಂಡಿತು. ಗಂಡು ಬೀರು ಗುಡಿಸುವುದು ಮುಖ್ಯಸ್ಥರೇ ಮಾಡಬೇಕಾದ ಕೆಲಸ, ಆದರೆ ಬಗ್ಗಲಾಗದೆ ಬೀಬಿಜಾನ್ ಕೈಗೆ ಬ್ರಷ್ಷು ಕೊಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೀಬಿಜಾನ್ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಕೋಳಿ ಫಾರಂ ಮುಚ್ಚಿದ ಮೇಲೆ ನಮ್ಮಲ್ಲಿ ಗುಡಿಸಲು ಸೇರಿದವಳು. ಹದಿನೇಳನೆಯ ಡ್ರಾಯರಿಗೆ ಬಂದಾಗ ಅವಳ ಕೈ ನಿಂತಿತು.

"ಅಮ್ಮಾ, ಇದೇನಿದು ಬಿಳಿ ಪುಡಿ?"

"ಬಿಳಿಗಾರ. ಹಳೇ ಹಕ್ಕಿ, ಉದುರುತ್ತೆ. ಪ್ರತಿವರ್ಷ ಇರುತ್ತೆ, ಗುಡಿಸು."

"ಬಿಳಿಗಾರ ಅಲ್ಲಮ್ಮ ಇದು."

"ನನಗೆ ಹೇಳಿಕೊಡ್ತೀಯೇನೇ?"

"ಹೇಳಿಕೊಡ್ತಾ ಇಲ್ಲ. ಇಪ್ಪತ್ತು ವರ್ಷ ಕೋಳಿಗೆ ಮೊಟ್ಟೆಚಿಪ್ಪು ಕುಟ್ಟಿ ಹಾಕಿದೀನಿ. ಬಿಳಿಗಾರ ಬೆರಳಲ್ಲಿ ಜಾರುತ್ತೆ. ಚಿಪ್ಪು ಕರಕರ ಅನ್ನುತ್ತೆ. ನೀವೇ ಉಜ್ಜಿ ನೋಡಿ."

ಉಜ್ಜಿದೆ. ಕರಕರ ಅಂತು. ಪುಡಿಯ ನಡುವೆ ಎಳ್ಳುಕಾಳಿನಷ್ಟು ಚೂರು, ಅದರ ಮೇಲೆ ಕಂದು ಚುಕ್ಕಿ. ಹದಿನೇಳನೆಯ ಡ್ರಾಯರಿನಲ್ಲಿ ಇದ್ದದ್ದು ಒಂದೇ ಹಕ್ಕಿ, ಕುಂಕುಮಗೊರಳು. ಬೆನ್ನುನೋವು ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಎದ್ದು ನಿಂತಿದ್ದೆ. ಆಮೇಲೆ ಮತ್ತೆ ಕೂತೆ. ಗಂಡು ಬೀರುವಿನಲ್ಲಿ, ಮೊಹರಿನ ಹಿಂದೆ, ಕೊನೆಯ ಗಂಡು ಅನ್ನಿಸಿಕೊಂಡ ಹಕ್ಕಿ ಪ್ರತಿವರ್ಷ ಮೊಟ್ಟೆ ಇಡುತ್ತಿತ್ತು. ಕೈ ಸೋಕದೆ ಅದು ಪುಡಿಯಾಗುತ್ತಿತ್ತು. ಹತ್ತೊಂಬತ್ತು ವರ್ಷ ಆ ಪುಡಿಯನ್ನು ಮೊರಕ್ಕೆ ತಳ್ಳಿ ಕಿಟಕಿಯಿಂದ ಆಚೆ ಚೆಲ್ಲಿದವಳು ನಾನು. ಊರೇ ಹಲುಬುತ್ತಿದ್ದ ಹಕ್ಕಿಯನ್ನು ನನ್ನ ಕೈಯಾರೆ ಕಸದ ಜೊತೆ ಹಾಕಿದ್ದೆ. ಅತ್ತುಬಿಟ್ಟೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಬೀಬಿಜಾನ್ ಬ್ರಷ್ಷು ಕೆಳಗಿಟ್ಟು ನನ್ನ ಬೆನ್ನು ಸವರುತ್ತ ಕೂತಳು.

ಹಕ್ಕಿಯನ್ನು ಹೆಣ್ಣು ಬೀರುವಿಗೆ ಸೇರಿಸಬೇಕಾದರೆ ಚೀಟಿ ತಿದ್ದಬೇಕು. ಚೀಟಿ ತಿದ್ದಬೇಕಾದವರು ಮೇಷ್ಟ್ರು. ಅವರಿಗೆ ಎಂಬತ್ತಾರು. ಹಿಂದಿನ ಮಳೆಗಾಲದಲ್ಲಿ ಎರಡು ಸಲ ಆಸ್ಪತ್ರೆ ನೋಡಿ ಬಂದಿದ್ದರು. ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ಅವರು ಇರುತ್ತಾರೆಂದು ಯಾರು ಬರೆದುಕೊಡುತ್ತಾರೆ? ಅವರು ಹೋದರೆ ಕುಂಕುಮಗೊರಳು ಲೋಕ ಇರುವ ತನಕ ಗಂಡೇ.

ಅದೇ ಸಂಜೆ ಅವರ ಮನೆಗೆ ಹೋದೆ. ಮೇಷ್ಟ್ರು ಆರಾಮಕುರ್ಚಿಯಲ್ಲಿ ಕಾಲಿಗೆ ಶಾಲು ಹೊದ್ದು ಕೂತಿದ್ದರು. ನಾನು ಜಾಣತನ ಮಾಡಲು ಹೋದೆ. ಕೆಲವು ಜಾತಿಗಳಲ್ಲಿ ಹೆಣ್ಣಿಗೇ ಬಣ್ಣ ಹೆಚ್ಚಂತೆ, ಗಂಡೇ ಕಾವಿಗೆ ಕೂರುತ್ತದಂತೆ, ಹಳೆಯ ಕಾಲದಲ್ಲಿ ಅವಸರದಲ್ಲಿ ಬರೆದ ಚೀಟಿಗಳಲ್ಲಿ ಒಂದೆರಡು ತಪ್ಪಿರಬಹುದೇನೋ ಅಂತ ಸುತ್ತಿ ಬಳಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಯಾವ ಚೀಟಿ?"

"ಹದಿನೇಳನೇ ಡ್ರಾಯರಿನದು."

ಅವರ ಮುಖ ಬಿಗಿಯಿತು. "ನನ್ನ ಚೀಟಿ ತಿದ್ದುವಷ್ಟು ದೊಡ್ಡವಳಾದೆಯಾ ವಾರಿಜಾ? ಹೋಗು. ಪದ್ಮಾ, ಇವಳಿಗೆ ಕಾಫಿ ಬೇಡವಂತೆ."

ಅಡಿಗೆಮನೆಯಿಂದ ಲೋಟ ಹಿಡಿದು ಬಂದಿದ್ದ ಅವರ ಹೆಂಡತಿ ಪದ್ಮಮ್ಮ ಅಲ್ಲೇ ನಿಂತರು. ನನಗೂ ರೇಗಿತು. "ಬೇಡ, ಬಿಡಿ. ನಿಮ್ಮ ರಸ್ತೆಯಲ್ಲೇ ನಡೆದುಕೊಂಡು ಹೋಗ್ತೀನಿ," ಅಂದು ಚಪ್ಪಲಿ ಮೆಟ್ಟಿದೆ. ದಾರಿಯುದ್ದಕ್ಕೂ ಅವರನ್ನೂ ಬೈದೆ, ನನ್ನನ್ನೂ ಬೈದೆ. ಎರಡು ದಿನ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಹೊರಗೆ ಗಾಳಿ ಒಣಗುತ್ತ ಬಂತು, ಬೆಳಗಿನ ಚಳಿ ಹೋಯಿತು. ಊರಿನವರೆಲ್ಲ ಬೆರಳು ಒದ್ದೆ ಮಾಡಿಕೊಂಡು ಗಾಳಿ ನೋಡತೊಡಗಿದರು.

ಮೂರನೆಯ ದಿನ ಬೆಳಗ್ಗೆ ಬೀಬಿಜಾನ್ ಕೇಳಿದಳು, "ಅಮ್ಮಾ, ಮೇಷ್ಟ್ರಿಗೆ ಅವರ ತಪ್ಪು ಹೇಳಿದ್ರಲ್ಲ, ನಿಮ್ಮದು ಹೇಳಿದ್ರಾ?"

ಹೇಳಿರಲಿಲ್ಲ. ಎಷ್ಟು ಸುತ್ತಿ ಬಳಸಿದ್ದೆನೋ ಅಷ್ಟೂ ನನ್ನ ಮೊರವನ್ನು ಮುಚ್ಚಿಡುವುದಕ್ಕೇ. ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಹಕ್ಕಿಯನ್ನು ಹತ್ತಿಯ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಮತ್ತೆ ಅವರ ಮನೆಗೆ ಹೋದೆ. ಈ ಸಲ ಕೂರಲಿಲ್ಲ.

"ನಿಮ್ಮ ತಪ್ಪು ಹೇಳೋಕೆ ಬಂದಿಲ್ಲ ಮೇಷ್ಟ್ರೇ, ನನ್ನದು ಹೇಳೋಕೆ ಬಂದೆ. ಇದು ಮೊಟ್ಟೆಯ ಪುಡಿ. ಹದಿನೇಳನೇ ಡ್ರಾಯರಲ್ಲಿ ಪ್ರತಿವರ್ಷ ಸಿಗ್ತಿತ್ತು. ಬಿಳಿಗಾರ ಅಂದುಕೊಂಡು ಹತ್ತೊಂಬತ್ತು ವರ್ಷ ಗುಡಿಸಿ ಆಚೆ ಹಾಕಿದೆ. ಬೆರಳಿಟ್ಟು ಒಂದು ಸಲ ಉಜ್ಜಿ ನೋಡಬೇಕು ಅನ್ನಿಸಲಿಲ್ಲ. ನನ್ನನ್ನು ಏನಾದರೂ ಅನ್ನಿ."

ಅವರು ಕಾಗದದ ಪೊಟ್ಟಣ ಬಿಚ್ಚಿದರು. ಪುಡಿಯನ್ನು ಬೆರಳಲ್ಲಿ ಉಜ್ಜಿದರು. ಮತ್ತೆ ಉಜ್ಜಿದರು. ಆಮೇಲೆ ನಿಧಾನವಾಗಿ ಕೇಳಿದರು, "ನಿನಗಿಂತ ಮುಂಚೆ ಗಂಡು ಬೀರು ಗುಡಿಸುತ್ತಿದ್ದವರು ಯಾರು?"

ನಾನು ನೆಲ ನೋಡಿದೆ.

"ಮೂವತ್ತೆಂಟು ವರ್ಷ," ಅಂದರು ಅವರು. "ನಾನು ಮೂವತ್ತೆಂಟು ವರ್ಷ ಗುಡಿಸಿದ್ದೇನೆ. ನಿನ್ನ ಎರಡರಷ್ಟು."

ಯಾವುದೋ ಸದ್ದು ಬಂತು. ಅಳುತ್ತಿದ್ದಾರೆ ಅಂದುಕೊಂಡೆ, ತಲೆಯೆತ್ತಿದರೆ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ಬಿಟ್ಟುಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು ಅನ್ನಿ. ಆಮೇಲೆ ಪೆಟ್ಟಿಗೆ ತೆರೆದು ಹಕ್ಕಿಯ ಗಂಟಲನ್ನು ಒಂದು ಬೆರಳಿಂದ ಸವರಿದರು. "ಅವತ್ತು ಇದು ದಂಡೆಯಲ್ಲಿ ಬಿದ್ದಿತ್ತು, ಇನ್ನೂ ಜೀವ ಇತ್ತು. ನನ್ನ ಅಂಗಿಯೊಳಗೆ ಇಟ್ಟುಕೊಂಡು ಬಂದೆ, ದಾರಿಯಲ್ಲಿ ಪ್ರಾಣ ಬಿಟ್ಟಿತು. ಚರ್ಮ ಬಿಡಿಸಿದೆ. ಮೈಯೊಳಗೆ ಕತ್ತರಿ ಹಾಕಿ ನೋಡಲು ಮಾತ್ರ ಕೈ ಬರಲಿಲ್ಲ. ಒಳಮೈಯನ್ನು ಹಾಗೇ ಹೂತುಬಿಟ್ಟೆ. ಇಷ್ಟು ಚಂದದ ಗಂಟಲು ಗಂಡಿಗೇ ಇರಬೇಕು ಅಂತ ಬರೆದೆ. ನಿನಗೆ ನೂರು ಸಲ ಹೇಳಿದೆನಲ್ಲ, ನೋಡಿ ಬರಿ ಅಂತ. ಅದು ನಿನಗಲ್ಲ, ನನಗೇ ಹೇಳಿಕೊಳ್ಳುತ್ತಿದ್ದದ್ದು."

ಪದ್ಮಮ್ಮ ಕೆಂಪು ಶಾಯಿ ತಂದರು. ಮೇಷ್ಟ್ರು ಚೀಟಿಯಲ್ಲಿ ಗಂಡು ಅನ್ನುವುದನ್ನು ಹೊಡೆದು ಹೆಣ್ಣು ಅಂತ ಬರೆದು, ಸಹಿ, ತಾರೀಖು ಹಾಕಿದರು. ಈ ಸಲ ಕಾಫಿ ಕೊಟ್ಟರು. ಎರಡು ಲೋಟ ಕುಡಿದೆ.

ಹಕ್ಕಿಯನ್ನು ಹೆಣ್ಣು ಬೀರುವಿನಲ್ಲಿ ಮಲಗಿಸಿದ ಮರುದಿನವೇ ಬಿಸಿಗಾಳಿ ಬೀಸಿತು. ವಿಷಯ ಊರಿಗೆಲ್ಲ ಹಬ್ಬಿತ್ತು, ಹಬ್ಬಿಸಿದ್ದು ಬೀಬಿಜಾನ್. ಮೊದಲ ದಿನ ಡ್ರಾಯರು ಎಳೆದೆ, ಏನಿಲ್ಲ. ಎರಡನೆಯ ದಿನವೂ ಇಲ್ಲ. ಐದನೆಯ ದಿನದ ಹೊತ್ತಿಗೆ ಪಿಕಳಾರ ಬಂದವರೂ ಖುಷಿಪಡದೆ, "ಅದು ಇಟ್ಟಿತಾ ಅಮ್ಮಾ?" ಅಂತಲೇ ಕೇಳುತ್ತಿದ್ದರು. ಆರನೆಯ ದಿನ ಡ್ರಾಯರು ಎಳೆದಾಗ ಎರಡು ಮೊಟ್ಟೆ ಇದ್ದವು. ಪಾಚಿ ಬಣ್ಣ, ಮೇಲೆ ಕಂದು ಚುಕ್ಕಿ. ನನ್ನ ಅಂಗೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದೆ. ಎರಡು ಬೆರಳು ಎತ್ತಿ ತೋರಿಸಿದೆ. ಸಾಲಿನಲ್ಲಿದ್ದ ಮುನ್ನೂರು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಾಗೆಯ ವಕೀಲರು ನನ್ನ ಕಾಲಿಗೆ ಬಿದ್ದರು, ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಯಾರು ಕಾವಿಗೆ ಕೂರಬೇಕು ಅನ್ನುವುದಕ್ಕೆ ಜಗಳವೇ ಆಯಿತು. ಲಾಜರ್ ಅಂಗಿ ಬಿಚ್ಚಿ ನಿಂತುಬಿಟ್ಟಿದ್ದ. ಬಸಲಿಂಗ ಜ್ವರ ಬರಿಸಿಕೊಳ್ಳಲು ನಾಲ್ಕು ದಿನದಿಂದ ತಣ್ಣೀರು ಸ್ನಾನ ಮಾಡುತ್ತಿದ್ದನಂತೆ, ಬರೀ ನೆಗಡಿ ಬಂದಿತ್ತು. ಅಷ್ಟರಲ್ಲಿ ಆಟೋದಿಂದ ಮೇಷ್ಟ್ರು ಇಳಿದರು.

"ಈ ಜಾತಿಯಲ್ಲಿ ಬಣ್ಣ ಹೆಣ್ಣಿಗೆ ಅಂದ ಮೇಲೆ ಕಾವು ಗಂಡಿನದು. ನಾನು ಕೂರುತ್ತೇನೆ."

"ನಿಮ್ಮ ಮೈಯಲ್ಲಿ ಬಿಸಿ ಎಲ್ಲಿದೆ ಮೇಷ್ಟ್ರೇ, ಬೇಸಿಗೆಯಲ್ಲೂ ಶಾಲು ಹೊದೀತೀರಿ," ಅಂದೆ. ನನಗೆ ಭಯವೇ ಆಗಿತ್ತು.

"ಒಮ್ಮೆ ನನ್ನ ಅಂಗಿಯೊಳಗೆ ಇವುಗಳ ತಾಯಿ ಸತ್ತಿದೆ," ಅಂದರು ಅವರು, ಮೆಲ್ಲಗೆ. ಮೊಟ್ಟೆಗಳನ್ನು ಅವರ ಕೈಗಿಟ್ಟೆ.

ಮುಂದಿನ ಹತ್ತೊಂಬತ್ತು ದಿನ ನಮ್ಮೂರು ಬೇರೆ ಯಾವ ಮಾತನ್ನೂ ಆಡಲಿಲ್ಲ. ಮೇಷ್ಟ್ರು ಆರಾಮಕುರ್ಚಿಯಲ್ಲಿ ಸ್ವೆಟರು, ಮಫ್ಲರು ಸುತ್ತಿಕೊಂಡು, ಹೊಟ್ಟೆಯ ಮೇಲೆ ಮೊಟ್ಟೆ ಕಟ್ಟಿಕೊಂಡು ಕೂತರು. ಅವರ ಮೈ ಬೆಚ್ಚಗಿರಲೆಂದು ಲಾಜರ್ ಮೂರು ಹೊತ್ತೂ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವರ ಎರಡು ಪಕ್ಕ ಒತ್ತಿಡುತ್ತಿದ್ದ. ಬೀದಿಯ ಹೆಂಗಸರು ಸರದಿಯ ಮೇಲೆ ಬಂದು ಬುದ್ಧಿ ಹೇಳಿದರು. ಹೀಗೆ ವಾಲಬೇಡಿ, ಕೆಮ್ಮುವಾಗ ಕೈ ಅಡ್ಡ ಇಡಿ, ಬದನೆಕಾಯಿ ತಿನ್ನಬೇಡಿ. ಪದ್ಮಮ್ಮನಿಗಂತೂ ಹಬ್ಬ. "ನಾಲ್ಕು ಹೆತ್ತಿದ್ದೀನಿ, ಒಂದು ಮಗುವನ್ನೂ ಹತ್ತು ನಿಮಿಷ ಎತ್ತಿಕೊಂಡವರಲ್ಲ ಇವರು. ಈಗ ನೋಡಿ, ಏಳೋದಕ್ಕೂ ನನ್ನನ್ನು ಕೇಳಬೇಕು," ಅಂತ ಬಂದವರಿಗೆಲ್ಲ ಹೇಳಿ, ಬಾಳೆಹಣ್ಣು ಸುಲಿದು ಅವರ ಬಾಯಿಗಿಡುತ್ತಿದ್ದರು. ಮೇಷ್ಟ್ರು ವಿಧೇಯರಾಗಿ ತಿನ್ನುತ್ತಿದ್ದರು. ನಾನು ದಿನಾ ಸಂಜೆ ಹೋಗಿ ಅವರ ಹೊಟ್ಟೆಗೆ ಕಿವಿ ಇಟ್ಟು ಕೇಳಿ ಬರುತ್ತಿದ್ದೆ.

ಇಪ್ಪತ್ತನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಅವರು, "ವಾರಿಜಾ, ಕಚಗುಳಿ ಆಗುತ್ತಿದೆ," ಅಂದರು. ಸ್ವೆಟರು ಸರಿಸಿದರೆ ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಮಧ್ಯಾಹ್ನದೊಳಗೆ ಎರಡೂ ಮರಿ ಹೊರಗೆ ಬಂದವು. ಹುಟ್ಟಿ ಎರಡು ಗಂಟೆಗೆಲ್ಲ ಉದ್ದ ಕಾಲೂರಿ ಎದ್ದು ನಿಂತವು, ಬಿದ್ದವು, ಮತ್ತೆ ಎದ್ದು ಮೇಷ್ಟ್ರ ಗಡ್ಡದ ಕಡೆಗೆ ಹತ್ತತೊಡಗಿದವು. ಮೇಷ್ಟ್ರು ಉಸಿರಾಡುವುದನ್ನೇ ಮರೆತವರಂತೆ ಕೂತಿದ್ದರು. ನಾನು, ಪದ್ಮಮ್ಮ, ಬೀಬಿಜಾನ್ ಮೂವರೂ ಒಬ್ಬರ ಸೆರಗಲ್ಲಿ ಒಬ್ಬರು ಕಣ್ಣು ಒರೆಸಿಕೊಂಡೆವು. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ, ನಮ್ಮ ಯಜಮಾನರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮರಿಗಳು ಮೇಷ್ಟ್ರನ್ನು ಬಿಟ್ಟು ಯಾರ ಹಿಂದೆಯೂ ಹೋಗಲಿಲ್ಲ. ಕೆರೆಯ ಹಕ್ಕಿಗೆ ಕೆಸರು ಬೇಕು, ಹುಳ ಬೇಕು. ಹಾಗಾಗಿ ಎರಡು ವರ್ಷದಿಂದ ಗೇಟಿನಾಚೆ ಕಾಲ್ನಡಿಗೆಯಲ್ಲಿ ಹೋಗದಿದ್ದ ಮನುಷ್ಯ ದಿನಾ ಬೆಳಗ್ಗೆ ಕೋಲು ಹಿಡಿದು ಕೆರೆಗೆ ಹೊರಟರು, ಹಿಂದೆ ಎರಡು ಮರಿ. ತಮ್ಮದೇ ಹೆಸರಿನ ರಸ್ತೆಯಲ್ಲಿ ಅವರು ಹೋಗುವಾಗ ಬಸ್ಸುಗಳು ನಿಲ್ಲುತ್ತಿದ್ದವು. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆರಳಿಂದ ಕೆಸರು ಕುಕ್ಕಿ ತೋರಿಸುತ್ತಿದ್ದರು. ಹುಳ ಸಿಕ್ಕಾಗ ಮಾತ್ರ ಮುಖ ಆ ಕಡೆ ತಿರುಗಿಸಿ, "ನೀವು ತಿನ್ನಿ, ನಾನು ನೋಡಿಲ್ಲ," ಅನ್ನುತ್ತಿದ್ದರು.

ಆರನೆಯ ವಾರ ಒಂದು ಬೆಳಗ್ಗೆ ನಾನೂ ಜೊತೆಗೆ ಹೋಗಿದ್ದೆ. ಒಂದು ಮರಿಯ ಗಂಟಲಲ್ಲಿ ಆಗಲೇ ಕೆಂಪು ಇಣುಕಿತ್ತು, ಇನ್ನೊಂದು ಅಪ್ಪಟ ಬೂದಿ. ಎರಡೂ ನೀರಂಚಿನಲ್ಲಿ ಓಡುತ್ತ ಓಡುತ್ತ ಹಾಗೇ ಎದ್ದವು. ಕೆರೆಯನ್ನು ಒಂದು ಸುತ್ತು ಹಾಕಿ ಆಚೆ ದಂಡೆಯ ಜೊಂಡಿನಲ್ಲಿ ಇಳಿದವು. ಮೇಷ್ಟ್ರು ಬಹಳ ಹೊತ್ತು ಕಾದರು, ಅವು ವಾಪಸು ಬರಲಿಲ್ಲ.

"ಹೋದವು," ಅಂದರು. ಮುಖದಲ್ಲಿ ನಗುವಿತ್ತು, ಆದರೆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಕೋಲನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದರು. ನಾಳೆಯಿಂದ ಇವರು ಮತ್ತೆ ಕುರ್ಚಿಗೆ, ಶಾಲಿಗೆ ಹೋಗುತ್ತಾರೆ ಅನ್ನಿಸಿತು. ಇಬ್ಬರೂ ಕೆರೆಯ ಏರಿ ಹತ್ತಿ ಅರ್ಧ ದಾರಿ ಬಂದೆವು. ಅಲ್ಲಿ ಅವರು ನಿಂತರು.

"ಗಂಡು ಬೀರುವಿನಲ್ಲಿ ನಾನು ಚೀಟಿ ಬರೆದ ಹಕ್ಕಿ ಎಷ್ಟಿವೆ?"

"ಇನ್ನೂರ ಹದಿನಾಲ್ಕು."

"ಅದರಲ್ಲಿ ಒಳಗೆ ನೋಡದೆ ಬರೆದದ್ದು ಇನ್ನೂ ಕೆಲವು ಇರಬೇಕು. ಎಷ್ಟೋ ಸಲ ಕೈ ಬಂದಿಲ್ಲ ನನಗೆ. ಯಾವುದು ಅಂತ ಹಕ್ಕಿ ಎದುರಿಗಿದ್ದರೆ ನೆನಪಾದೀತು."

ಮರುದಿನ ನಾನು ಒಂಬತ್ತೂಕಾಲಿಗೆ ಮ್ಯೂಸಿಯಂಗೆ ಹೋದರೆ, ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಮೇಷ್ಟ್ರು ಕೂತಿದ್ದರು. ಮಡಿಲಲ್ಲಿ ಕೆಂಪು ಶಾಯಿಯ ಬಾಟಲಿ, ಊಟದ ಡಬ್ಬಿ. ನನ್ನನ್ನು ನೋಡಿ ಗಡಿಯಾರ ನೋಡಿಕೊಂಡರು. "ಹದಿನೈದು ನಿಮಿಷ ತಡ," ಅಂದರು.